ಹೆದ್ದಾರಿ ಹತ್ತೋದೆಲ್ಲಿ, ಇಳಿಯೋದೆಲ್ಲಿ

ಒಬ್ಬರು ಮದ್ದೂರು ಸೀಮೆಯ ನಿವೃತ್ತ ಎಂಜಿನಿಯರ್, ರಸ್ತೆ–ಸೇತುವೆ ಕೆಲಸದಲ್ಲೇ ಆಯುಷ್ಯ ಕಳೆದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಮೈಸೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು.

ಚಿಕ್ಕಪ್ಪ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮೂರು ಗಂಟೆಯ ದಾರಿ ಈಗ ಒಂದೂವರೆ ಗಂಟೆಗೆ ಮುಗಿಯುತ್ತೆ. ₹8,480 ಕೋಟಿ ಸುರಿದರು ಅಂತ ಆಡಿಕೊಂಡವರೂ ಬೆಂಗಳೂರಿಗೆ ಹೋಗಬೇಕಾದಾಗ ಆ ರಸ್ತೇನೇ ಹತ್ತುತಾರೆ. ಮೈಸೂರಿನ ಫ್ಯಾಕ್ಟರಿಯವನು ಬೆಳಿಗ್ಗೆ ಹೇಳಿದ ಬಿಡಿಭಾಗ ಮಧ್ಯಾಹ್ನಕ್ಕೆ ಬಂದಿರುತ್ತೆ. ಇದರಿಂದ ಬೆಳವಣಿಗೆ ಆಗಿಲ್ಲ ಅಂತ ನೀನು ಹೇಗಮ್ಮ ಹೇಳ್ತೀಯ?

ಮಗಳು: ಆಗಿಲ್ಲ ಅಂತ ನಾನೆಲ್ಲಿ ಹೇಳಿದೆ ಚಿಕ್ಕಪ್ಪ? ಎಲ್ಲಿ ಆಯ್ತು, ಯಾರಿಗೆ ಆಯ್ತು ಅಂತ ಕೇಳಿದೆ. 2023ರ ಮಾರ್ಚಲ್ಲಿ ಉದ್ಘಾಟನೆ ಆದ ಆ 118 ಕಿಲೋಮೀಟರಲ್ಲಿ ಸುಮಾರು 52 ಕಿಲೋಮೀಟರ್ ಹೊಸದಾಗಿ ಹೊಲಗದ್ದೆ ಸೀಳಿಕೊಂಡು ಹೋಗಿರೋದು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಇಷ್ಟೂ ಕಡೆ ಬೈಪಾಸ್. ಹಳೇ ರಸ್ತೆ ನಂಬಿಕೊಂಡಿದ್ದ ತಟ್ಟೆ ಇಡ್ಲಿ ಹೋಟೆಲಿನವರು, ಚನ್ನಪಟ್ಟಣದ ಗೊಂಬೆ ಅಂಗಡಿಯವರು, ರಸ್ತೆ ಬದಿ ಎಳನೀರು ರಾಶಿ ಹಾಕಿಕೊಂಡವರು, ಇವರ ಗಿರಾಕಿ ಈಗ ಮೇಲುಸೇತುವೆ ಮೇಲೆ ನೂರರ ವೇಗದಲ್ಲಿ ಹೋಗ್ತಾನೆ. ಅವನಿಗೆ ಚನ್ನಪಟ್ಟಣ ಅನ್ನೋದು ಹಸಿರು ಬೋರ್ಡ್ ಅಷ್ಟೇ.

ಚಿಕ್ಕಪ್ಪ: ಆ ನೋವು ನನಗೂ ಗೊತ್ತು. ಆದರೆ ಲೆಕ್ಕ ಹಾಕುವಾಗ ಪೂರ್ತಿ ಹಾಕಬೇಕು. ಚನ್ನಪಟ್ಟಣದಲ್ಲಿ ಗೊಂಬೆ ಕೊಳ್ಳದವನು ಆ ದುಡ್ಡು ಸುಟ್ಟುಹಾಕಲ್ಲ, ಮೈಸೂರಲ್ಲಿ ಇನ್ನೇನೋ ಕೊಳ್ತಾನೆ. ದೇಶದ ಲೆಕ್ಕಕ್ಕೆ ನಷ್ಟ ಎಲ್ಲಿ?

ಮಗಳು: ನೀವು ಹೇಳಿದ್ದು ಲಾಭಕ್ಕೂ ಅನ್ವಯಿಸುತ್ತಲ್ಲ. ಮದ್ದೂರಲ್ಲಿ ಕಳೆದದ್ದು ಮೈಸೂರಲ್ಲಿ ಸೇರಿದ್ರೆ ದೇಶಕ್ಕೆ ನಷ್ಟ ಇಲ್ಲದ ಹಾಗೇ ಲಾಭಾನೂ ಇಲ್ಲ. ರಸ್ತೆಯಿಂದ ಬೆಳವಣಿಗೆ ಆಯ್ತು ಅಂತ ಅಳೆಯೋಕೆ ಹೊರಟವರಿಗೆಲ್ಲ ಇದೇ ತೊಡಕು. ರಸ್ತೆ ಪಕ್ಕ ಹೊಸ ಕಾರ್ಖಾನೆ ಕಂಡ್ರೆ, ಅದು ಹೊಸದಾಗಿ ಹುಟ್ಟಿದ್ದಾ, ಪಕ್ಕದ ತಾಲ್ಲೂಕಿಂದ ಎದ್ದು ಬಂದದ್ದಾ? ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ಹಣ ಇರೋ ಕಡೆಗೇ ರಸ್ತೆ ಹೋಗುತ್ತೆ. ಬಿಡದಿಯಲ್ಲಿ ಟೊಯೋಟಾದವರು ಕಾರು ತಯಾರಿಸೋಕೆ ಶುರು ಮಾಡಿದ್ದು 1999ರ ಕೊನೇಲಿ. ಆಗ ಈ ಎಕ್ಸ್‌ಪ್ರೆಸ್‌ವೇ ಎಲ್ಲಿತ್ತು? ಈಗ ಬಿಡದಿ ತೋರಿಸಿ, ನೋಡಿ ರಸ್ತೆಯಿಂದ ಎಷ್ಟು ಅಭಿವೃದ್ಧಿ ಅಂದ್ರೆ ಒಪ್ಪೋದು ಹೇಗೆ?

ಚಿಕ್ಕಪ್ಪ: ಹಾಗಾದ್ರೆ ನಿಮ್ಮ ಶಾಸ್ತ್ರದಲ್ಲಿ ಇದನ್ನ ಬಿಡಿಸೋ ದಾರಿಯೇ ಇಲ್ವಾ?

ಮಗಳು: ಇದೆ. ನಮ್ಮ ದೇಶದ ಸುವರ್ಣ ಚತುಷ್ಪಥದ ಮೇಲೇ ಒಂದು ಒಳ್ಳೆ ಅಧ್ಯಯನ ಇದೆ, ಎಜಾಜ್ ಘನಿ, ಆರತಿ ಗ್ರೋವರ್ ಗೋಸ್ವಾಮಿ, ವಿಲಿಯಂ ಕೆರ್ ಮಾಡಿದ್ದು. 5,846 ಕಿಲೋಮೀಟರಿನ ಹೆದ್ದಾರಿ. ನಮ್ಮಲ್ಲಿ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಧಾರವಾಡ, ಬೆಳಗಾವಿ ಹಾದುಹೋಗುತ್ತೆ. ಅವರು ದೊಡ್ಡ ನಗರಗಳನ್ನ ಪಕ್ಕಕ್ಕಿಟ್ಟರು, ಯಾಕಂದ್ರೆ ಅವನ್ನ ಜೋಡಿಸೋಕೇ ತಾನೇ ರಸ್ತೆ ಮಾಡಿದ್ದು. ದಾರಿಯಲ್ಲಿ ಸಿಕ್ಕಿದ ಜಿಲ್ಲೆಗಳನ್ನ ಮಾತ್ರ ನೋಡಿದರು. ಜೊತೆಗೆ, ಅದೇ ಕಾಲದಲ್ಲಿ ಯೋಜನೆಯಾಗಿದ್ದು ಕೆಲಸ ತಡವಾದ ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ಹೆದ್ದಾರಿಗಳ ಪಕ್ಕದ ಜಿಲ್ಲೆಗಳಿಗೆ ಹೋಲಿಸಿದರು. ರಸ್ತೆ ಮುಗಿದ ಕಡೆ ಹೆದ್ದಾರಿಯಿಂದ ಹತ್ತು ಕಿಲೋಮೀಟರ್ ಒಳಗೆ ಕಾರ್ಖಾನೆಗಳ ಉತ್ಪಾದನೆ ಚೆನ್ನಾಗಿ ಏರಿತ್ತು. ತಡವಾದ ಕಡೆ ಆ ಏರಿಕೆ ಕಾಣಲಿಲ್ಲ.

ಚಿಕ್ಕಪ್ಪ: ನೋಡು, ನಾನು ಹೇಳಿದ್ದೂ ಅದನ್ನೇ!

ಮಗಳು: ಇರಿ. ಹತ್ತು ಕಿಲೋಮೀಟರ್ ದಾಟಿ ಐವತ್ತರವರೆಗೆ ನೋಡಿದ್ರೆ ಆ ಏರಿಕೆ ಇಲ್ಲ. ಹತ್ತು ಕಿಲೋಮೀಟರ್ ಅಂದ್ರೆ ಏನು ಹೇಳಿ. ನಮ್ಮ ಸೀಮೇಲಿ ಹಳ್ಳಿಯಿಂದ ಹೋಬಳಿಗೆ ಹೋಗೋ ದೂರ. ಅಷ್ಟರೊಳಗೆ ಫಲ ನಿಂತುಹೋಗುತ್ತೆ ಅಂದ್ರೆ ದೋಷ ಹೆದ್ದಾರಿಯದ್ದಲ್ಲ, ಹೆದ್ದಾರಿವರೆಗೆ ಬರೋ ದಾರಿಯದ್ದು.

ಚಿಕ್ಕಪ್ಪ: ಹ್ಞೂಂ. ಇದು ಯೋಚಿಸಬೇಕಾದ ಮಾತು.

ಮಗಳು: ಚೀನಾದಲ್ಲಿ ಇನ್ನೂ ಕಟುವಾದ ಉದಾಹರಣೆ ಸಿಗುತ್ತೆ. ಅವರ ರಾಷ್ಟ್ರೀಯ ಹೆದ್ದಾರಿ ಜಾಲವನ್ನ ಬೆನ್ ಫೇಬರ್ ಅಧ್ಯಯನ ಮಾಡಿದಾಗ, ದೊಡ್ಡ ಪಟ್ಟಣಗಳ ನಡುವೆ ಸಿಕ್ಕಿ ಹೆದ್ದಾರಿಗೆ ಸೇರಿಕೊಂಡ ಸಣ್ಣ ಕೌಂಟಿಗಳ ಕೈಗಾರಿಕಾ ಬೆಳವಣಿಗೆ, ಸೇರದೇ ಉಳಿದವಕ್ಕಿಂತ ಕಡಿಮೆಯಾಗಿತ್ತು. ದಾರಿ ಸುಗಮ ಆದ ಕೂಡಲೇ ದೊಡ್ಡ ಊರಿನ ಕಾರ್ಖಾನೆಯ ಮಾಲು ಅಲ್ಲಿಗೆ ಅಗ್ಗಕ್ಕೆ ಬಂತು, ಊರಿನ ಸಣ್ಣ ಕಾರ್ಖಾನೆ ಮುಚ್ಚಿತು. ರಸ್ತೆಗೆ ಎರಡು ದಿಕ್ಕು. ನಮ್ಮ ಮಾಲು ಹೋಗುತ್ತೆ ಅಂತ ಮಾಡಿದ ದಾರಿಯಲ್ಲಿ ಅವರ ಮಾಲೂ ಬರುತ್ತೆ.

ಚಿಕ್ಕಪ್ಪ: ಅಲ್ಲಮ್ಮ, ಹಾಗಂತ ದಾರೀನೇ ಬೇಡ ಅನ್ನೋಕಾಗುತ್ತಾ? ದಾರಿ ಇಲ್ಲದ ಕಾಲದ ಕಥೆ ನಮ್ಮ ಅಜ್ಜಿಯ ಬಾಯಲ್ಲಿ ಕೇಳಿದವನು ನಾನು. ಅಜ್ಜಿಗೆ ಅವರ ಅಜ್ಜಿ ಹೇಳಿದ್ದು. ಧಾತು ಈಶ್ವರ ಸಂವತ್ಸರದ ಬರ, 1876ರಿಂದ 78ರವರೆಗೆ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಚಿಲ್ಲರೆ ಜನ ಇದ್ದರು. 1881ರಲ್ಲಿ ನಲವತ್ತೆರಡು ಲಕ್ಷದಷ್ಟು. ಮದ್ರಾಸಿನ ಕಡೆಯಿಂದ ರೈಲು ಬೆಂಗಳೂರಿಗೆ 1864ರಲ್ಲೇ ಬಂದಿತ್ತು. ಆದರೆ ಬೆಂಗಳೂರಿಂದ ಈಚೆಗೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸಾಯ್ತಿರುವಾಗ ಗಾಡಿ ಎಳೆಯೋರು ಯಾರು? ಆಮೇಲೆ ಬೆಂಗಳೂರು–ಮೈಸೂರು ರೈಲು ದಾರಿ ಆಯ್ತು, 1882ರಲ್ಲಿ ಮೈಸೂರು ಮುಟ್ಟಿತು. ಆಗ ದಿವಾನರಾಗಿದ್ದವರು ರಂಗಾಚಾರ್ಲು. ಅವತ್ತಿನ ಸಂಸ್ಥಾನಕ್ಕೆ ಅದು ಸಣ್ಣ ಖರ್ಚಲ್ಲ. ಆದರೂ ಮಾಡಿದರು. ಆ ರೈಲಿನ ಬೆಲೆ ಎಷ್ಟು ಅಂತ ಯಾವ ಕೋಷ್ಟಕದಲ್ಲಿ ಬರೀತೀಯ?

ಮಗಳು: ಬರೆದಿದ್ದಾರೆ ಚಿಕ್ಕಪ್ಪ, ಅದೂ ತುಂಬ ಚೆನ್ನಾಗಿ. ಡೇವ್ ಡೊನಾಲ್ಡ್‌ಸನ್ ಅಂತ ಅರ್ಥಶಾಸ್ತ್ರಜ್ಞ. ಬ್ರಿಟಿಷರ ಕಾಲದ ಭಾರತದ ರೈಲು, 1853ರಿಂದ 1930ರವರೆಗೆ ಹಾಕಿದ 67,000 ಕಿಲೋಮೀಟರಿನಷ್ಟು ಹಳಿ. ಸಾಗಣೆಯ ಖರ್ಚು ಎಷ್ಟು ಇಳೀತು ಅಂತ ಅಳೆಯೋಕೆ ಅವನು ಏನು ಹಿಡ್ಕೊಂಡ ಗೊತ್ತಾ? ಉಪ್ಪು.

ಚಿಕ್ಕಪ್ಪ: ಉಪ್ಪಾ?

ಮಗಳು: ಉತ್ತರ ಭಾರತದಲ್ಲಿ ಒಂದೊಂದು ಬಗೆಯ ಉಪ್ಪು ಒಂದೊಂದೇ ಜಾಗದಲ್ಲಿ ಆಗ್ತಿತ್ತು. ಸಾಂಭರ್ ಸರೋವರದ ಉಪ್ಪು ಅಂದ್ರೆ ಅದು ಸಾಂಭರಿಂದಲೇ ಬರಬೇಕು, ಬೇರೆ ಕಡೆ ಅದು ಸಿಗಲ್ಲ. ಆದ್ದರಿಂದ ದೂರದ ಜಿಲ್ಲೆಯ ಪೇಟೇಲಿ ಅದರ ಬೆಲೆ ಎಷ್ಟು, ತಯಾರಾದ ಕಡೆ ಎಷ್ಟು, ಈ ಎರಡರ ವ್ಯತ್ಯಾಸವೇ ಸಾಗಣೆಯ ಖರ್ಚು. ರೈಲು ಬಂದ ಜಿಲ್ಲೆಗಳಲ್ಲಿ ಆ ವ್ಯತ್ಯಾಸ ಇಳೀತು. ಬೆಳೆಯ ಬೆಲೆಯಲ್ಲೂ ಹಾಗೇ. ರೈಲು ಬಂದ ಜಿಲ್ಲೆಯ ಕೃಷಿಯ ನಿಜ ಆದಾಯ ಸುಮಾರು ಶೇಕಡ 16 ಹೆಚ್ಚಿತು. ನಿಮ್ಮ ಅಜ್ಜಿಯ ಕಥೆಗೂ ಅವನ ಕೆಲಸದಲ್ಲಿ ಸಾಕ್ಷಿ ಇದೆ. ರಾಬಿನ್ ಬರ್ಜೆಸ್ ಜೊತೆ ಸೇರಿ ಬರಗಾಲಗಳನ್ನ ನೋಡಿದಾಗ, ರೈಲು ತಲುಪಿದ ಕಡೆ ಮಳೆ ಕೈಕೊಟ್ಟರೂ ಕ್ಷಾಮದ ಹೊಡೆತ ಅಷ್ಟು ಜೋರಾಗಿ ಬೀಳಲಿಲ್ಲ.

ಚಿಕ್ಕಪ್ಪ: ಹಾಗಾದ್ರೆ ರಸ್ತೆಯೂ ಹಾಗೇ ಆಗಬೇಕಲ್ಲ? ರೈಲಿಂದ ಶೇಕಡ 16 ಆದರೆ ಹತ್ತು ಪಥದ ರಸ್ತೆಯಿಂದ ಎಷ್ಟಾಗಬೇಡ!

ಮಗಳು: ಅಲ್ಲೇ ಎಡವೋದು. ಆ ರೈಲು ಎತ್ತಿನ ಗಾಡಿಯ ಬದಲಿಗೆ ಬಂದದ್ದು. ಎಕ್ಸ್‌ಪ್ರೆಸ್‌ವೇ ಬಂದದ್ದು ಆಗಲೇ ಇದ್ದ ನಾಲ್ಕು ಪಥದ ರಸ್ತೆ, ಜೋಡಿ ಹಳಿಯ ರೈಲು ದಾರಿ ಇವುಗಳ ಪಕ್ಕದಲ್ಲಿ. ಅಮೆರಿಕದ ಅಂತರರಾಜ್ಯ ಹೆದ್ದಾರಿ 1956ರ ಕಾನೂನಿಂದ ಶುರುವಾಯ್ತಲ್ಲ, ಜಾನ್ ಫರ್ನಾಲ್ಡ್ ಅದನ್ನ ಲೆಕ್ಕ ಹಾಕಿದ. ಆ ಜಾಲ ಕಟ್ಟಿದಾಗ, ವಾಹನ ಹೆಚ್ಚು ಬಳಸೋ ಉದ್ಯಮಗಳ ಉತ್ಪಾದಕತೆ ಬಲವಾಗಿ ಏರಿತು. ಆದರೆ ಅದು ಒಂದು ಸಲದ ಏರಿಕೆ. ಇನ್ನೊಂದು ಅಂಥದ್ದೇ ಜಾಲ ಕಟ್ಟಿದರೆ ಅಷ್ಟೇ ಫಲ ಸಿಗುತ್ತೆ ಅಂತ ನಂಬೋ ಹಾಗಿಲ್ಲ ಅನ್ನೋದು ಅವನ ತೀರ್ಮಾನ. ನಮ್ಮಲ್ಲಿ ಕೇಂದ್ರ ಸರ್ಕಾರ 2024–25ರ ಬಜೆಟ್ಟಲ್ಲಿ ಬಂಡವಾಳ ವೆಚ್ಚಕ್ಕೆ ಇಟ್ಟದ್ದು ₹11 ಲಕ್ಷ ಕೋಟಿಗೂ ಮೇಲೆ. ರಸ್ತೆ, ರೈಲು ಎರಡಕ್ಕೇ ಅದರಲ್ಲಿ ದೊಡ್ಡ ಪಾಲು. ಅಷ್ಟು ದುಡ್ಡು ಖರ್ಚು ಮಾಡುವಾಗ, ದಾರಿಯೇ ಇಲ್ಲದ ಕಡೆ ಮೊದಲ ದಾರಿ ಮಾಡ್ತಿದ್ದೀವಾ, ದಾರಿ ಇರೋ ಕಡೆ ಮೂರನೇ ದಾರಿ ಮಾಡ್ತಿದ್ದೀವಾ ಅಂತ ಯಾರಾದರೂ ಕೇಳಬೇಡ್ವಾ?

ಚಿಕ್ಕಪ್ಪ: ಕೇಳಬೇಕು. ಆದರೆ ಬರೀ ಹಳ್ಳಿಗೆ ಟಾರು ಹಾಕಿದರೆ ಎಲ್ಲ ಸರಿಹೋಗುತ್ತೆ ಅಂತ ನೀನು ಹೇಳೋ ಹಾಗಿದ್ರೆ ಅದನ್ನೂ ನಾನು ಒಪ್ಪಲ್ಲ. ಗ್ರಾಮ ಸಡಕ್ ಯೋಜನೆ 2000ದಲ್ಲಿ ಶುರುವಾದ ಮೇಲೆ ಎಷ್ಟೋ ಹಳ್ಳಿಗೆ ಒಳ್ಳೆ ರಸ್ತೆ ಬಂತು. ಬಂದ ಮೇಲೆ ನಾನು ನೋಡಿದ್ದು ಏನು ಅಂದ್ರೆ, ಹುಡುಗರು ಅದೇ ರಸ್ತೆ ಹಿಡಿದು ಊರು ಬಿಟ್ಟರು. ಬೇಸಾಯಕ್ಕೆ ಆಳು ಸಿಗದ ಹಾಗಾಯ್ತು.

ಮಗಳು: ಬೇಸಾಯದ ಬಗ್ಗೆ ನೀವು ಕಣ್ಣಾರೆ ಕಂಡದ್ದನ್ನೇ ಸ್ಯಾಮ್ ಆಶರ್, ಪಾಲ್ ನೊವೊಸಾದ್ ಇಡೀ ದೇಶದ ಅಂಕಿಅಂಶ ಹಿಡಿದು ತೋರಿಸಿದ್ದಾರೆ. ಆ ಯೋಜನೇಲಿ ಜನಸಂಖ್ಯೆ ಐನೂರು, ಸಾವಿರ ದಾಟಿದ ಹಳ್ಳಿಗೆ ಮೊದಲು ರಸ್ತೆ ಅಂತ ನಿಯಮ ಇತ್ತು. ಆ ಗೆರೆಯ ಸ್ವಲ್ಪ ಮೇಲಿದ್ದ ಹಳ್ಳಿ, ಸ್ವಲ್ಪ ಕೆಳಗಿದ್ದ ಹಳ್ಳಿ ಹೋಲಿಸಿದರು. ರಸ್ತೆಯ ಮುಖ್ಯ ಪರಿಣಾಮ ಜನ ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಹೋಗಿದ್ದು. ಬೆಳೆ, ಆದಾಯ, ಮನೆಯ ಆಸ್ತಿ ಇವುಗಳಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಆದರೆ ಜನ ಬೇಸಾಯ ಬಿಟ್ಟರು ಅಂತ ನಾನು ಬೇಜಾರು ಮಾಡ್ಕೊಳಲ್ಲ ಚಿಕ್ಕಪ್ಪ. ರಾಮನಗರ, ಮಂಡ್ಯದ ಕಡೆಯಿಂದ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಕ್ಕಳನ್ನ ಬೆಳಿಗ್ಗೆ ರೈಲಲ್ಲಿ ನೋಡಿ. ತಿಂಗಳಾದರೆ ಕೈಗೆ ಸಂಬಳ. ಅತ್ತೆಯನ್ನೋ ಗಂಡನನ್ನೋ ಕೇಳದೆ ಮಗುವಿಗೆ ಪುಸ್ತಕ ತರ್ತಾರೆ. ಅದೇ ಯೋಜನೆಯ ಮೇಲಿನ ಇನ್ನೊಂದು ಅಧ್ಯಯನ, ರಸ್ತೆ ಬಂದ ಹಳ್ಳಿಗಳಲ್ಲಿ ಮಕ್ಕಳು ಏಳು–ಎಂಟನೇ ಕ್ಲಾಸಿಗೆ ಶಾಲೆ ಬಿಡೋದು ಕಡಿಮೆಯಾಯ್ತು ಅಂತ ಹೇಳುತ್ತೆ. ಇದು ಬೆಳವಣಿಗೆ ಅಲ್ಲದೇ ಇನ್ನೇನು?

ಚಿಕ್ಕಪ್ಪ: ಸರಿ, ಅದು ಒಪ್ಪಿದೆ. ಆದರೆ ಬೆಳೆಗೆ ಲಾಭ ಆಗಲಿಲ್ಲ ಅಂದೆಯಲ್ಲ, ಅದಕ್ಕೆ ಕಾರಣ ನಾನು ಹೇಳ್ತೀನಿ. ನಿನ್ನ ಅಧ್ಯಯನ ಬೇಕಿಲ್ಲ, ಒಂದು ರಾತ್ರಿ ರಾಮನಗರದ ಗೂಡಿನ ಮಾರುಕಟ್ಟೆಗೆ ಬಾ ಸಾಕು. ಏಷ್ಯಾದಲ್ಲೇ ದೊಡ್ಡದು ಅಂತಾರೆ. ರೇಷ್ಮೆ ಗೂಡಿನೊಳಗೆ ಹುಳ ಜೀವಂತವಾಗಿರುತ್ತೆ. ಹುಳ ಗೂಡು ಕಟ್ಟೋ ಚಂದ್ರಿಕೆಯಿಂದ ಬಿಡಿಸಿದ ಕ್ಷಣದಿಂದ ತೂಕ ಇಳೀತಾ ಹೋಗುತ್ತೆ, ದಿನ ಕಳೆದರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತೆ, ಆ ಗೂಡಿಂದ ನೂಲು ತೆಗೆಯೋಕಾಗಲ್ಲ. ಚೀಲದಲ್ಲಿ ಒತ್ತಿ ತುಂಬಿದರೆ ಒಳಗೆ ಬಿಸಿಯಾಗಿ ಬೆವರುತ್ತೆ, ಗೂಡು ಕಂದುತ್ತೆ. ಹಾಗಾಗಿ ರೈತ ಸಂಜೆ ಟೆಂಪೋ ಹತ್ತಿ ಬೆಳಗಾಗೋ ಹೊತ್ತಿಗೆ ಹರಾಜಿಗೆ ನಿಲ್ಲಬೇಕು. ನೂಲು ತೆಗೆಯೋ ರೀಲರ್ ಬಂದು ಒಂದು ಹಿಡಿ ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ರೇಟು ಹಾಕ್ತಾನೆ. ಹೊಸ ಹೆದ್ದಾರಿಯಿಂದ ಇವನಿಗೆ ಅರ್ಧ ಗಂಟೆ ಉಳಿದಿರಬಹುದು. ಆದರೆ ಹುಳುಮನೆಯಿಂದ ಹೆದ್ದಾರಿವರೆಗಿನ ಐದು ಕಿಲೋಮೀಟರ್ ಮಳೇಲಿ ಕೆಸರು. ಟೆಂಪೋದವನು ಆ ಐದು ಕಿಲೋಮೀಟರಿಗೆ ಬೇರೆ ಬಾಡಿಗೆ ಕೇಳ್ತಾನೆ. ಅಲ್ಲೇ ಗೂಡು ಕುಲುಕಿ ಕೆಡೋದು.

ಮಗಳು: ಅಂದ್ರೆ ಉಳಿದ ಅರ್ಧ ಗಂಟೆ ಅಲ್ಲೇ ಕರಗಿಹೋಗುತ್ತೆ.

ಚಿಕ್ಕಪ್ಪ: ಅದಷ್ಟೇ ಅಲ್ಲ. ರಸ್ತೆ ಎಷ್ಟೇ ಚೆನ್ನಾಗಿರಲಿ, ಅವತ್ತೇ ಮಾರಲೇಬೇಕು ಅನ್ನೋ ಗತಿ ಇರೋವರೆಗೆ ಬೆಲೆ ಕೊಳ್ಳೋವನ ಕೈಯಲ್ಲಿ. ಗೂಡನ್ನ ಬಿಸಿಗಾಳಿಯಲ್ಲಿ ಒಣಗಿಸಿ ಇಟ್ಟುಕೊಳ್ಳೋ ವ್ಯವಸ್ಥೆ ರೈತನ ಕೈಗೆ ಸಿಕ್ಕಿದರೆ, ಇವತ್ತು ರೇಟಿಲ್ಲ, ನಾಳೆ ಬರ್ತೀನಿ ಅನ್ನಬಹುದು. ಆಗ ರಸ್ತೆ ಅವನಿಗೆ ಕೆಲಸಕ್ಕೆ ಬರುತ್ತೆ, ಬೇರೆ ಮಾರುಕಟ್ಟೆಗೂ ಹೋಗಬಹುದು. ಮದ್ದೂರಿನ ಎಳನೀರು ನೋಡು. ಗೊನೆಗೆ ಹಗ್ಗ ಕಟ್ಟಿ ನೆಲಕ್ಕೆ ಬೀಳದ ಹಾಗೆ ಇಳಿಸಿ, ಎಪಿಎಂಸಿಗೆ ತಂದು, ಅಲ್ಲಿಂದ ಲಾರಿಗೆ ತುಂಬಿ ದಿಲ್ಲಿ, ಮುಂಬೈವರೆಗೆ ಕಳಿಸ್ತಾರೆ. ಅಷ್ಟು ದೂರ ಹೋಗೋ ಮಾಲು ಬೆಳೆದದ್ದು ಎಕ್ಸ್‌ಪ್ರೆಸ್‌ವೇಯಿಂದಲ್ಲ. ಒಂದು ಜಾಗದಲ್ಲಿ ಮಾಲು ಸೇರುತ್ತೆ, ತೂಕ ಆಗುತ್ತೆ, ಲಾರಿ ಸಿಗುತ್ತೆ, ದುಡ್ಡು ಸಿಗುತ್ತೆ ಅನ್ನೋ ನಂಬಿಕೆಯಿಂದ. ಮದ್ದೂರು ವಡೆಯೂ ಹುಟ್ಟಿದ್ದು ರೈಲು ನಿಲ್ದಾಣದ ತಿಂಡಿಯಾಗೇ. ರೈಲು ನಿಲ್ಲದೇ ಹೋಗಿದ್ದಿದ್ರೆ ವಡೆ ಎಲ್ಲಿ ಹುಟ್ಟಬೇಕಿತ್ತು?

ಮಗಳು: ಹಾಗಾದ್ರೆ ನಾವಿಬ್ಬರೂ ಒಂದೇ ಕಡೆ ಬಂದ್ವಿ. ರಸ್ತೆಯಲ್ಲಿ ಗಾಡಿ ಎಷ್ಟು ವೇಗವಾಗಿ ಓಡುತ್ತೆ ಅಂತ ಮಾತ್ರ ನೋಡಿದ್ರೆ ದುಡ್ಡು ಹಾಕೋ ಜಾಗ ತಪ್ಪುತ್ತೆ. ಎಲ್ಲಿ ನಿಲ್ಲುತ್ತೆ, ಎಲ್ಲಿ ಮಾಲು ಹತ್ತುತ್ತೆ, ಎಲ್ಲಿ ಇಳಿಯುತ್ತೆ ಅನ್ನೋದನ್ನ ಮೊದಲು ಯೋಚಿಸಬೇಕು. ವಿನ್ಯಾಸ ಮಾಡೋವಾಗ ಬೆಂಗಳೂರು, ಮೈಸೂರು ಎರಡು ಚುಕ್ಕೆ ಇಟ್ಟು ನಡುವಿನ ತಾಲ್ಲೂಕುಗಳನ್ನ ದಾಟಬೇಕಾದ ಅಡ್ಡಿ ಅಂತ ನೋಡಿದ್ರೆ, ಆ ತಾಲ್ಲೂಕುಗಳಿಗೆ ಸಿಗೋದು ಅಡ್ಡಿಯೇ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದೂ ಮುಖ್ಯ ರಸ್ತೆಗೆ ಹತ್ತೋ ಹಾಗಿಲ್ಲ.

ಚಿಕ್ಕಪ್ಪ: ಆ ನಿಷೇಧ ಸರಿಯಾದ್ದೇ. ನೂರರ ವೇಗದ ಕಾರಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಏನಾಗುತ್ತೆ ಅಂತ ಮೊದಲ ತಿಂಗಳುಗಳಲ್ಲೇ ನೋಡಿದ್ವಿ. ಎಷ್ಟು ಮನೆ ಹಾಳಾಯ್ತು. ಜೀವ ಉಳಿಸೋ ನಿಯಮವನ್ನ ಯಾವತ್ತೂ ಸಡಿಲಿಸಬಾರದು.

ಮಗಳು: ನಿಷೇಧ ಬೇಡ ಅನ್ನಲ್ಲ. ಮುಖ್ಯ ರಸ್ತೆಗೆ ಬರಬೇಡ ಅಂದ ಮೇಲೆ ಅವರ ರಸ್ತೆ ಪೂರ್ತಿ ಇರಬೇಕು ತಾನೇ? ಸರ್ವೀಸ್ ರಸ್ತೆ ಕೆಲವು ಕಡೆ ತುಂಡಾಗುತ್ತೆ ಅನ್ನೋದು ಊರಿನವರ ದೊಡ್ಡ ದೂರು. ಕಬ್ಬು ಗದ್ದೆ ಒಂದು ಕಡೆ, ಮನೆ ಇನ್ನೊಂದು ಕಡೆ ಇರೋರು ಕೆಳಸೇತುವೆ ಹುಡುಕಿಕೊಂಡು ಸುತ್ತಬೇಕು. ಈ ಸುತ್ತಾಟದ ಡೀಸೆಲ್ಲು, ಹೊತ್ತು, ಯಾವ ಯೋಜನಾ ವರದಿಯ ಖರ್ಚಿನ ಕಡೆ ಸೇರುತ್ತೆ?

ಚಿಕ್ಕಪ್ಪ: ಸೇರಲ್ಲ. ಇನ್ನೊಂದು ಸೇರದ ಖರ್ಚು ನಾನು ಹೇಳ್ತೀನಿ: ನೀರು. ರಸ್ತೆಯ ಶತ್ರು ಲಾರಿಗಿಂತ ಮೊದಲು ನೀರು. 2022ರ ಆಗಸ್ಟಲ್ಲಿ ಒಂದು ಮಳೆಗೆ ರಾಮನಗರದ ಹತ್ತಿರ ಹೊಸ ರಸ್ತೆ ಮೇಲೆ ಕೆರೆಯ ಹಾಗೆ ನೀರು ನಿಂತಿತ್ತು. ಎತ್ತರಕ್ಕೆ ಏರಿ ಹಾಕಿ ರಸ್ತೆ ಮಾಡಿದಾಗ ಅದು ಹಳ್ಳಕ್ಕೆ ಕಟ್ಟಿದ ಒಡ್ಡಿನ ಹಾಗೇ ಆಗುತ್ತೆ. ಮೋರಿ ಎಲ್ಲಿ ಇಡಬೇಕು, ಎಷ್ಟು ಅಗಲ ಅಂತ ಕೆರೆ ಕೋಡಿ, ಹಳ್ಳ, ಹಳೇ ಮಳೆ ಇವೆಲ್ಲ ನೋಡಿ ತೀರ್ಮಾನ ಮಾಡಬೇಕು. ಊರಿನ ಒಬ್ಬ ಮುದುಕನನ್ನ ಕೇಳಿದರೂ ನೀರು ಯಾವ ಕಡೆ ಹರೀತಿತ್ತು ಅಂತ ಹೇಳ್ತಾನೆ.

ಮಗಳು: ನಿರ್ವಹಣೆ ವಿಷಯವೂ ಹಾಗೇ ಅಲ್ವಾ? ಹೊಸದಕ್ಕೆ ಟೇಪು ಕತ್ತರಿಸೋಕೆ ಎಲ್ಲರೂ ಬರ್ತಾರೆ.

ಚಿಕ್ಕಪ್ಪ: ಅದು ನನ್ನ ಜೀವಮಾನದ ಸಂಕಟ. 1950ರ ದಶಕದ ಕೊನೇಲಿ ಅಮೆರಿಕದ ಇಲಿನಾಯ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಬೇರೆ ಬೇರೆ ದಪ್ಪದ ರಸ್ತೆ ತುಂಡು ಮಾಡಿ, ಬೇರೆ ಬೇರೆ ತೂಕದ ಟ್ರಕ್ಕುಗಳನ್ನ ಸುತ್ತು ಹೊಡೆಸಿದರು. ಅದರಿಂದ ಗೊತ್ತಾದದ್ದು ಏನು ಅಂದ್ರೆ, ಒಂದು ಆಕ್ಸಲ್ ಮೇಲೆ ಬೀಳೋ ತೂಕ ಎರಡರಷ್ಟಾದ್ರೆ ರಸ್ತೆಗೆ ಆಗೋ ಹಾನಿ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ಈಗ ಒಂದು ಹಳ್ಳಿ ರಸ್ತೆ ಊಹಿಸು, ಸಣ್ಣ ಗಾಡಿಗೆ ಅಂತ ತೆಳ್ಳಗೆ ಹಾಕಿದ್ದು. ಅದರ ಮೇಲೆ ಜಲ್ಲಿ ಕ್ರಷರಿನ ಟಿಪ್ಪರು ಓವರ್‌ಲೋಡಾಗಿ ಓಡುತ್ತೆ. ಆ ಟಿಪ್ಪರ್ ಉಳಿಸಿದ ಬಾಡಿಗೆ ಅದರ ಮಾಲೀಕನಿಗೆ. ಒಡೆದ ರಸ್ತೆಯ ಖರ್ಚು ಊರಿಗೆ. ವಿಶ್ವಬ್ಯಾಂಕಿನ 1994ರ ವರದೀಲಿ ಆಫ್ರಿಕಾದ ಬಗ್ಗೆ ಒಂದು ಲೆಕ್ಕ ಇತ್ತು: ಹೊತ್ತಿಗೆ ಸರಿಯಾಗಿ 12 ಶತಕೋಟಿ ಡಾಲರ್ ದುರಸ್ತಿಗೆ ಹಾಕಿದ್ದಿದ್ರೆ, ಹಾಳಾದ ರಸ್ತೆ ಮತ್ತೆ ಕಟ್ಟೋ 45 ಶತಕೋಟಿ ಉಳೀತಿತ್ತು. ಅದನ್ನ ಓದಿದ ಮೇಲೆ ಎಷ್ಟೋ ಮೀಟಿಂಗಲ್ಲಿ ಹೇಳಿದೆ. ಗುಂಡಿ ಮುಚ್ಚೋದಕ್ಕೆ ಶಂಕುಸ್ಥಾಪನೆ ಕಲ್ಲು ಇಡೋಕೆ ಆಗಲ್ವಲ್ಲ, ಅದಕ್ಕೇ ಯಾರಿಗೂ ಬೇಕಿರಲಿಲ್ಲ.

ಮಗಳು: ಚಿಕ್ಕಪ್ಪ, ಪಂಚಾಯಿತಿಯವರು ಹೆದ್ದಾರಿಯವರಿಗೆ ಕೊಡೋ ಅರ್ಜಿ ಬರೆದುಕೊಡಿ ಅಂತ ನಿಮ್ಮನ್ನ ಕೇಳಿದ್ದಾರಲ್ಲ. ಅದರಲ್ಲಿ ಬರೀ ಸರ್ವೀಸ್ ರಸ್ತೆ ಬೇಕು ಅಂತ ಬರೆದರೆ ಇನ್ನೊಂದು ಕಾಗದ ಆಗುತ್ತೆ ಅಷ್ಟೆ. ಲೆಕ್ಕ ಕೊಟ್ಟು ಬರೀಬೇಕು.

ಚಿಕ್ಕಪ್ಪ: ಯಾವ ಲೆಕ್ಕ?

ಮಗಳು: ಮೂರು ಸಾಕು. ಹುಳುಮನೆಯಿಂದ ಗೂಡಿನ ಮಾರುಕಟ್ಟೆಗೆ ಟೆಂಪೋ ಬಾಡಿಗೆ ರಸ್ತೆ ಆಗೋ ಮೊದಲು ಎಷ್ಟಿತ್ತು, ಈಗ ಎಷ್ಟಿದೆ. ಎರಡನೇದು, ಎಳನೀರಿಗೆ ತೋಟದಲ್ಲಿ ಸಿಗೋ ಬೆಲೆ, ಎಪಿಎಂಸಿಯಲ್ಲಿ ಸಿಗೋ ಬೆಲೆ, ಈ ಎರಡರ ಅಂತರ. ಡೊನಾಲ್ಡ್‌ಸನ್ ಉಪ್ಪಲ್ಲಿ ಮಾಡಿದ್ದನ್ನ ನಾವು ಎಳನೀರಲ್ಲಿ ಮಾಡೋಣ. ರಸ್ತೆ ನಿಜವಾಗಿ ರೈತನಿಗೆ ಹತ್ತಿರ ಆಗಿದ್ರೆ ಆ ಅಂತರ ಕಡಿಮೆ ಆಗಿರಬೇಕು. ಆಗಿಲ್ಲ ಅಂದ್ರೆ ಅದೇ ನಮ್ಮ ಸಾಕ್ಷಿ. ಮೂರನೇದು, ಗದ್ದೆ ಆಚೆ ಮನೆ ಈಚೆ ಇರೋ ಕುಟುಂಬಗಳು ದಿನಕ್ಕೆ ಎಷ್ಟು ಕಿಲೋಮೀಟರ್ ಸುತ್ತುತ್ತಾರೆ.

ಚಿಕ್ಕಪ್ಪ: ಹಳೇ ಬಾಡಿಗೆ ಎಲ್ಲಿ ಸಿಗುತ್ತೆ? ಯಾರು ಬರೆದಿಟ್ಟಿರ್ತಾರೆ?

ಮಗಳು: ಮಂಡಿಯವರ ಹಳೇ ಪಟ್ಟಿ ಪುಸ್ತಕದಲ್ಲಿ ಸಿಗಬಹುದು. ಟೆಂಪೋದವರ ಡೈರಿಯಲ್ಲೂ ಇರುತ್ತೆ.

ಚಿಕ್ಕಪ್ಪ: ಟೆಂಪೋದವರನ್ನ ನನಗೆ ಬಿಡು, ಅರ್ಧ ಜನ ನನಗೆ ಗೊತ್ತಿರೋರೇ. ಮಂಡಿಗೆ ನೀನು ಹೋಗು. ಅರ್ಜಿಗೆ ನಾನು ಎರಡು ನಕ್ಷೆ ಸೇರಿಸ್ತೀನಿ, ಸರ್ವೀಸ್ ರಸ್ತೆ ಎಲ್ಲೆಲ್ಲಿ ತುಂಡಾಗಿದೆ ಅಂತ ಒಂದು, ಮೋರಿ ಎಲ್ಲೆಲ್ಲಿ ಬೇಕು ಅಂತ ಇನ್ನೊಂದು. ಮೋರಿಯ ಅಗಲ ನಾನೇ ಬರೀತೀನಿ. ಮಳೆಗಾಲಕ್ಕೆ ಮುಂಚೆ ಅರ್ಜಿ ಅವರ ಟೇಬಲ್ ಮೇಲೆ ಇರಬೇಕು, ಆಮೇಲೆ ಕೊಟ್ಟರೆ ನೀರು ಇಳಿದ ಮೇಲೆ ನೋಡೋಣ ಅಂತಾರೆ.